ಗರ್ಭಕಂಠದ ಕ್ಯಾನ್ಸರ್ ವಾಸಿಯಾದವರು ಗುದದ ರಕ್ತಸ್ರಾವವನ್ನು ಪೈಲ್ಸ್ ಎಂದು ಬಿಡಬಹುದೇ?

ಪ್ರಶ್ನೆ: ನನ್ನ ತಾಯಿಗೆ ಈಗ 61 ವರ್ಷ. ಹದಿನಾಲ್ಕು ವರ್ಷಗಳ ಹಿಂದೆ ಅವರಿಗೆ ಗರ್ಭಕಂಠದ ಕ್ಯಾನ್ಸರ್ ಆಗಿ ರೇಡಿಯೇಷನ್ ಮತ್ತು ಕೀಮೊ ಕೊಟ್ಟಿದ್ದರು. ಐದು ವರ್ಷ ತಪ್ಪದೆ ತಪಾಸಣೆಗೆ ಹೋದೆವು. ಆಮೇಲೆ ‘ಎಲ್ಲ ಸರಿಯಾಗಿದೆ, ತೊಂದರೆ ಇದ್ದರೆ ಮಾತ್ರ ಬನ್ನಿ’ ಎಂದರು. ಈಗ ಎರಡು ತಿಂಗಳಿಂದ ಟಾಯ್ಲೆಟ್‌ಗೆ ಹೋದಾಗ ಆಗೊಮ್ಮೆ ಈಗೊಮ್ಮೆ ರಕ್ತ ಕಾಣುತ್ತದೆ, ಆ ಜಾಗದಲ್ಲಿ ತುರಿಕೆಯೂ ಇದೆ ಎನ್ನುತ್ತಾರೆ. ಊರಿನಲ್ಲಿ ಪೈಲ್ಸ್ ಎಂದು ಮುಲಾಮು ಕೊಟ್ಟಿದ್ದಾರೆ. ಹೆಂಗಸರಿಗೆ ಬರುವ ಇಂಥ ಕ್ಯಾನ್ಸರ್ ಆದವರಿಗೆ ಮುಂದೆ ಗುದದ್ವಾರದಲ್ಲೂ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು ಎಂದು ಎಲ್ಲೋ ಓದಿದೆ. ಇದು ನಿಜವೇ? ಎರಡಕ್ಕೂ ಏನು ಸಂಬಂಧ? ಅಮ್ಮನಿಗೆ ಹೇಳಲೂ ಭಯ, ಹೇಳದೆ ಇರಲೂ ಭಯ.
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಜ. ಗರ್ಭಕಂಠ, ಯೋನಿ ಅಥವಾ ಯೋನಿಯ ಹೊರಭಾಗದ ಕ್ಯಾನ್ಸರ್ ಆದವರಿಗೆ ಗುದದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದ ಹೆಂಗಸರಿಗಿಂತ ಹೆಚ್ಚು. ಆದರೆ ಗುದದ ಕ್ಯಾನ್ಸರ್ ಮೊದಲೇ ಅಪರೂಪದ ಕಾಯಿಲೆ. ಸಾಧ್ಯತೆ ಹೆಚ್ಚಿದ್ದರೂ ಗರ್ಭಕಂಠದ ಕ್ಯಾನ್ಸರ್ ವಾಸಿಯಾದವರಲ್ಲಿ ಬಹುಪಾಲು ಮಂದಿಗೆ ಅದು ಬರುವುದೇ ಇಲ್ಲ. ಹಾಗಾಗಿ ತಾಯಿಗೆ ಕಾಣುತ್ತಿರುವ ರಕ್ತ ಕ್ಯಾನ್ಸರ್‌ನದ್ದೇ ಎಂದು ಈಗಲೇ ಎದೆಗುಂದಬೇಡಿ. ಹಾಗೆಂದು ಮುಲಾಮು ಹಚ್ಚಿಕೊಂಡು ಕಾಯಲೂ ಬೇಡಿ. ಎರಡು ತಿಂಗಳಿಂದ ರಕ್ತ ಹೋಗುತ್ತಿದೆ, ಹಿಂದೆ ಗರ್ಭಕಂಠದ ಕ್ಯಾನ್ಸರ್ ಆಗಿತ್ತು, ರೇಡಿಯೇಷನ್ ಆಗಿತ್ತು. ಈ ಮೂರೂ ಸೇರಿದಾಗ ವೈದ್ಯರು ಗುದವನ್ನು ಬೆರಳಿನಿಂದ ಮುಟ್ಟಿ, ಕಣ್ಣಿನಿಂದ ನೋಡಿ ಪರೀಕ್ಷಿಸಲೇಬೇಕು. ಈ ವಾರವೇ ಕರೆದುಕೊಂಡು ಹೋಗಿ. ಯಾಕೆ, ಯಾರ ಬಳಿ, ಏನು ಕೇಳಬೇಕು ಎಂಬುದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಯಾವ ಕ್ಯಾನ್ಸರ್‌ಗೆ ಈ ನಂಟು?

ಹೆಂಗಸರಿಗೆ ಬರುವ ಎಲ್ಲ ಕ್ಯಾನ್ಸರ್‌ಗೂ ಈ ಮಾತು ಅನ್ವಯಿಸುವುದಿಲ್ಲ. ಅಂಡಾಶಯದ ಕ್ಯಾನ್ಸರ್‌ಗಾಗಲಿ, ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗಾಗಲಿ, ಸ್ತನದ ಕ್ಯಾನ್ಸರ್‌ಗಾಗಲಿ ಇಲ್ಲಿ ಹೇಳುವ ನಂಟು ಇಲ್ಲ. ನಂಟು ಇರುವುದು ಮೂರು ಜಾಗಗಳ ಕ್ಯಾನ್ಸರ್‌ಗೆ: ಗರ್ಭಕೋಶದ ಬಾಯಿ ಎನ್ನುವ ಗರ್ಭಕಂಠ, ಯೋನಿ, ಮತ್ತು ಯೋನಿಯ ಹೊರಭಾಗವಾದ ವಲ್ವಾ. ಈ ಜಾಗಗಳಲ್ಲಿ ಪೂರ್ತಿ ಕ್ಯಾನ್ಸರ್ ಆಗಿರಲೇಬೇಕೆಂದಿಲ್ಲ. ಕ್ಯಾನ್ಸರ್‌ಗೆ ಮುಂಚಿನ ತೀವ್ರ ಬದಲಾವಣೆ ಕಂಡು ಲೀಪ್ ಅಥವಾ ಕೋನೈಸೇಷನ್ ಎಂಬ ಚಿಕಿತ್ಸೆ ಮಾಡಿಸಿಕೊಂಡವರಿಗೂ ಇದು ಸಲ್ಲುತ್ತದೆ. ಅವರ ವರದಿಯಲ್ಲಿ ಸಿಐಎನ್ 2, ಸಿಐಎನ್ 3 ಅಥವಾ ಎಚ್‌ಎಸ್‌ಐಎಲ್ ಎಂದು ಬರೆದಿರುತ್ತಾರೆ.

ನಮ್ಮಲ್ಲಿ ಈ ಎಲ್ಲವನ್ನೂ ‘ಗರ್ಭಕೋಶದ ಕ್ಯಾನ್ಸರ್’ ಎಂದೇ ಹೇಳುವ ರೂಢಿ ಇದೆ. ಇಪ್ಪತ್ತು ವರ್ಷದ ಹಿಂದೆ ಗರ್ಭಕೋಶ ತೆಗೆಸಿಕೊಂಡ ಎಷ್ಟೋ ಮಂದಿಗೆ ಕಾಯಿಲೆ ಇದ್ದದ್ದು ಗರ್ಭಕಂಠದಲ್ಲೋ ಒಳಪದರದಲ್ಲೋ ಎಂಬುದು ಗೊತ್ತೇ ಇರುವುದಿಲ್ಲ. ಹಾಗಾಗಿ ಹಳೆಯ ಡಿಸ್ಚಾರ್ಜ್ ಸಮರಿ ಮತ್ತು ಬಯಾಪ್ಸಿ ವರದಿ ಹುಡುಕಿ ತೆಗೆಯಿರಿ. ಅದರಲ್ಲಿ ‘ಸರ್ವಿಕ್ಸ್’ ಎಂದಿದ್ದರೆ ಮುಂದಿನದೆಲ್ಲ ನಿಮ್ಮ ತಾಯಿಗೆ ಸಂಬಂಧಿಸಿದ್ದು.

ಒಂದೇ ವೈರಸ್, ಒಂದೇ ಬಗೆಯ ಚರ್ಮ

ಎರಡೂ ಕಾಯಿಲೆಗಳ ನಡುವಿನ ಕೊಂಡಿ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಜರ್ಮನಿಯ ವೈದ್ಯವಿಜ್ಞಾನಿ ಹೆರಾಲ್ಡ್ ಸೂರ್ ಹೌಸನ್ ಅವರ ತಂಡ 1983ರಲ್ಲಿ ಗರ್ಭಕಂಠದ ಗಡ್ಡೆಗಳಲ್ಲಿ ಈ ವೈರಸ್‌ನ 16ನೇ ಬಗೆಯನ್ನೂ, ಮರುವರ್ಷ 18ನೇ ಬಗೆಯನ್ನೂ ಪತ್ತೆ ಮಾಡಿತು. ಆ ಕೆಲಸಕ್ಕೆ 2008ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂತು. ಗರ್ಭಕಂಠದ ಕ್ಯಾನ್ಸರ್‌ಗೆ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಈ ವೈರಸ್ಸೇ ಕಾರಣ ಎಂಬುದು ಈಗ ಎಲ್ಲರೂ ಒಪ್ಪಿದ ಮಾತು. ಅಷ್ಟಾಗಿ ಪ್ರಚಾರವಾಗದ ಸಂಗತಿ ಇನ್ನೊಂದಿದೆ: ಗುದದ ಕ್ಯಾನ್ಸರ್‌ನಲ್ಲೂ ಸುಮಾರು ಶೇ 90ರಷ್ಟಕ್ಕೆ ಎಚ್‌ಪಿವಿಯೇ ಕಾರಣ. ಅದರಲ್ಲೂ 16ನೇ ಬಗೆಯದೇ ದೊಡ್ಡ ಪಾಲು.

ಇದೇ ವೈರಸ್ ಈ ಎರಡು ಜಾಗಗಳನ್ನು ಯಾಕೆ ಹಿಡಿಯುತ್ತದೆ? ದೇಹರಚನೆಯಲ್ಲಿ ಉತ್ತರವಿದೆ. ಗರ್ಭಕಂಠದಲ್ಲಿ ಎರಡು ಬಗೆಯ ಪದರಗಳು ಕೂಡುವ ಒಂದು ಗಡಿ ಇದೆ. ಹೊರಗಿನದು ಬಾಯಿಯ ಒಳಗಿನಂಥ ಚಪ್ಪಟೆ ಕೋಶಗಳ ಪದರ. ಒಳಗಿನದು ಲೋಳೆ ಸುರಿಸುವ ಕೋಶಗಳ ಪದರ. ಈ ಗಡಿಯ ಕೋಶಗಳು ಸದಾ ಬದಲಾಗುತ್ತಿರುತ್ತವೆ, ಆದ್ದರಿಂದ ವೈರಸ್‌ಗೆ ಬೇರೂರಲು ಇಲ್ಲಿ ಸುಲಭ. ಮೂರು-ನಾಲ್ಕು ಸೆಂಟಿಮೀಟರ್ ಉದ್ದದ ಗುದನಾಳದಲ್ಲೂ ಇಂಥದ್ದೇ ಗಡಿ ಇದೆ. ಕೆಳಗಿನಿಂದ ಬರುವ ಚರ್ಮದಂಥ ಪದರವೂ ಮೇಲಿನಿಂದ ಇಳಿಯುವ ಕರುಳಿನ ಪದರವೂ ಅಲ್ಲಿ ಸೇರುತ್ತವೆ. ಗರ್ಭದಲ್ಲಿ ಮಗು ಬೆಳೆಯುವ ಮೊದಲ ವಾರಗಳಲ್ಲಿ ಮೂತ್ರ, ಜನನಾಂಗ, ಮಲ ಈ ಮೂರೂ ದಾರಿಗಳು ಒಂದೇ ಕುಹರಕ್ಕೆ ತೆರೆದುಕೊಂಡಿರುತ್ತವೆ, ಬೇರೆಯಾಗುವುದು ಆಮೇಲೆ. ದೊಡ್ಡವರಾದ ಮೇಲೂ ಅವುಗಳ ನಡುವೆ ಇರುವುದು ಕೆಲವೇ ಸೆಂಟಿಮೀಟರ್ ಅಂತರ.

ಹೀಗಿರುವಾಗ ಒಂದು ಕಡೆ ಬಂದ ವೈರಸ್ ಇನ್ನೊಂದು ಕಡೆಗೂ ಹಬ್ಬುವುದು ಸಹಜ. 13,000ಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು ಒಟ್ಟುಗೂಡಿಸಿದ ಒಂದು ಅಂತರರಾಷ್ಟ್ರೀಯ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎಚ್‌ಐವಿ ಇಲ್ಲದ ಹೆಂಗಸರ ಪೈಕಿ, ಗರ್ಭಕಂಠದಲ್ಲಿ 16ನೇ ಬಗೆಯ ವೈರಸ್ ಇದ್ದವರಲ್ಲಿ ಶೇ 41 ಮಂದಿಗೆ ಗುದದಲ್ಲೂ ಅದೇ ವೈರಸ್ ಸಿಕ್ಕಿತು. ಗರ್ಭಕಂಠದಲ್ಲಿ ಅದು ಇಲ್ಲದವರಲ್ಲಿ ಈ ಪ್ರಮಾಣ ಶೇ 2 ಮಾತ್ರ.

ಹೊಲದ ಒಂದು ಮೂಲೆಯ ಕಳೆಯನ್ನು ಬೇರುಸಹಿತ ಕಿತ್ತರೂ ಪಕ್ಕದ ಮಣ್ಣಿಗೆ ಬಿದ್ದ ಬೀಜ ಅಲ್ಲೇ ಉಳಿಯುವಂತೆ, ಗರ್ಭಕಂಠದ ಚಿಕಿತ್ಸೆ ಗರ್ಭಕಂಠದ ಕಾಯಿಲೆಯನ್ನು ತೆಗೆಯುತ್ತದೆಯೇ ಹೊರತು ಅಕ್ಕಪಕ್ಕದ ಚರ್ಮದಲ್ಲಿ ಉಳಿದಿರಬಹುದಾದ ವೈರಸ್ಸನ್ನಲ್ಲ. ಆ ವೈರಸ್ ಬಹುತೇಕರಲ್ಲಿ ದೇಹದ ರೋಗನಿರೋಧಕ ಶಕ್ತಿಗೆ ಸೋತು ಒಂದೆರಡು ವರ್ಷದಲ್ಲಿ ಮಾಯವಾಗುತ್ತದೆ. ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಉಳಿದು, ಕೋಶಗಳನ್ನು ನಿಧಾನವಾಗಿ ಕೆಡಿಸುತ್ತ ಹೋಗುತ್ತದೆ. ಹಾಗೆ ಉಳಿದವರಲ್ಲಿ ಸಣ್ಣ ಪಾಲಿಗೆ ಹತ್ತು, ಇಪ್ಪತ್ತು ವರ್ಷಗಳ ನಂತರ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು.

ನಡತೆಯ ಪ್ರಶ್ನೆ ಇಲ್ಲಿಲ್ಲ

ಇದನ್ನು ಬಿಡಿಸಿ ಹೇಳಲೇಬೇಕು. ಗುದದಲ್ಲಿ ಈ ವೈರಸ್ ಇದೆ ಎಂದ ಕೂಡಲೇ ಅದು ಗುದಸಂಭೋಗದಿಂದಲೇ ಬಂದದ್ದು ಎಂದು ಜನ ಭಾವಿಸುತ್ತಾರೆ. ಅದೂ ಒಂದು ದಾರಿ ಹೌದು. ಆದರೆ ಗುದದಲ್ಲಿ ಎಚ್‌ಪಿವಿ ಸಿಕ್ಕ ಬಹಳಷ್ಟು ಹೆಂಗಸರಿಗೆ ಅಂಥ ಸಂಪರ್ಕವೇ ಆಗಿರುವುದಿಲ್ಲ. ಯೋನಿಯ ಸ್ರಾವದ ಮೂಲಕ, ಚರ್ಮಕ್ಕೆ ಚರ್ಮ ತಾಕುವುದರ ಮೂಲಕ, ತೊಳೆದುಕೊಳ್ಳುವಾಗ ಕೈ ಬೆರಳಿನ ಮೂಲಕವೂ ವೈರಸ್ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಬಲ್ಲದು. ಲೈಂಗಿಕ ಜೀವನ ನಡೆಸಿದ ಬಹುತೇಕ ಎಲ್ಲರಿಗೂ, ಗಂಡಸರಿಗೂ ಹೆಂಗಸರಿಗೂ, ಬದುಕಿನಲ್ಲಿ ಒಮ್ಮೆಯಾದರೂ ಎಚ್‌ಪಿವಿ ತಗುಲಿರುತ್ತದೆ. ಒಬ್ಬನೇ ಗಂಡನ ಜೊತೆ ನಲವತ್ತು ವರ್ಷ ಸಂಸಾರ ಮಾಡಿದವರಿಗೂ ಅದು ಬರುತ್ತದೆ. ಯಾವಾಗ, ಯಾರಿಂದ ಬಂತು ಎಂದು ಲೆಕ್ಕ ಹಾಕುವುದು ಸಾಧ್ಯವೂ ಇಲ್ಲ, ಅದರಿಂದ ಉಪಯೋಗವೂ ಇಲ್ಲ. ನಿಮ್ಮ ತಾಯಿಯವರಿಗೆ ಈ ಮಾತನ್ನು ನೀವೇ ಮೊದಲು ಹೇಳಿ. ಅಳುಕು ಅರ್ಧ ಕಡಿಮೆಯಾಗುತ್ತದೆ.

ಎಷ್ಟು ಹೆಚ್ಚು?

‘ಸಾಧ್ಯತೆ ಹೆಚ್ಚು’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಭಯ ಬೆಳೆಯುತ್ತದೆ, ಆದ್ದರಿಂದ ಅಂಕಿಗಳನ್ನೇ ನೋಡೋಣ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2021ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆ ಯಾರಿಗೆ ಎಷ್ಟು ಅಪಾಯ ಎಂದು ಅಳೆದಿದೆ. ಸಾಮಾನ್ಯ ಜನರಲ್ಲಿ ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಂದ ಇಬ್ಬರಿಗೆ ಗುದದ ಕ್ಯಾನ್ಸರ್ ಬರುತ್ತದೆ. ಗರ್ಭಕಂಠದ ಕ್ಯಾನ್ಸರ್ ಆಗಿದ್ದವರಲ್ಲಿ ಇದು ಲಕ್ಷಕ್ಕೆ ಸುಮಾರು 9. ಯೋನಿಯ ಕ್ಯಾನ್ಸರ್ ಆಗಿದ್ದವರಲ್ಲಿ ಸುಮಾರು 10. ಯೋನಿಯ ಹೊರಭಾಗದ ಕ್ಯಾನ್ಸರ್ ಆಗಿದ್ದವರಲ್ಲಿ ಸುಮಾರು 48. ಗುದದ್ವಾರಕ್ಕೆ ತೀರಾ ಹತ್ತಿರದ, ಅದೇ ಬಗೆಯ ಚರ್ಮ ಯೋನಿಯ ಹೊರಭಾಗದ್ದು. ಅಲ್ಲಿನ ಕಾಯಿಲೆಯ ಜೊತೆ ನಂಟು ಅಷ್ಟು ಗಟ್ಟಿ.

ಇದನ್ನೇ ಇನ್ನೊಂದು ರೀತಿಯಲ್ಲಿ ನೋಡಿ. ಗರ್ಭಕಂಠದ ಕ್ಯಾನ್ಸರ್ ವಾಸಿಯಾದ ಸಾವಿರ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿದರೆ, ಈ ಲೆಕ್ಕದಂತೆ ಸುಮಾರು ಇಬ್ಬರಿಗೆ ಗುದದ ಕ್ಯಾನ್ಸರ್ ಬರಬಹುದು. ಉಳಿದ 998 ಮಂದಿಗೆ ಬರುವುದಿಲ್ಲ. ಯೋನಿಯ ಹೊರಭಾಗದ ಕ್ಯಾನ್ಸರ್ ಆದವರಲ್ಲಾದರೆ ಸಾವಿರಕ್ಕೆ ಸುಮಾರು ಹತ್ತು ಮಂದಿ. ಈ ಅಂಕಿಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕದಂಥ ಶ್ರೀಮಂತ ದೇಶಗಳವು ಎಂಬುದನ್ನು ಮನಸ್ಸಿನಲ್ಲಿಡಿ.

ನಮ್ಮ ದೇಶಕ್ಕೆ ಇದು ಮುಖ್ಯವಾಗುವುದು ಒಟ್ಟು ಸಂಖ್ಯೆಯಿಂದ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲೇ ಸುಮಾರು 1,27,000 ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆ ಸುಧಾರಿಸಿದಂತೆ ಗುಣವಾಗಿ ದಶಕಗಳ ಕಾಲ ಬಾಳುವವರೂ ಹೆಚ್ಚುತ್ತಿದ್ದಾರೆ. ಅವರು ಬಾಳುವ ಆ ಹೆಚ್ಚಿನ ವರ್ಷಗಳಲ್ಲೇ ಈ ಎರಡನೇ ಕಾಯಿಲೆಗೆ ಅವಕಾಶ ಇರುವುದು. ಆದರೆ ಆಸ್ಪತ್ರೆಯ ಫಾಲೋ-ಅಪ್ ಸಾಮಾನ್ಯವಾಗಿ ಐದು ವರ್ಷಕ್ಕೆ ಮುಗಿಯುತ್ತದೆ. ಹಳೆಯ ಗಡ್ಡೆ ಮರುಕಳಿಸುತ್ತದೆಯೇ ಎಂದು ನೋಡಲು ಐದು ವರ್ಷ ಸರಿಯಾದ ಅವಧಿ. ಹೊಸ ಜಾಗದಲ್ಲಿ ಹೊಸ ಗಡ್ಡೆ ಹುಟ್ಟುವುದಕ್ಕೆ ಆ ಗಡುವು ಇಲ್ಲ. ಹದಿನೈದು, ಇಪ್ಪತ್ತು ವರ್ಷದ ನಂತರವೂ ಸಾಧ್ಯತೆ ಹೆಚ್ಚಾಗಿಯೇ ಉಳಿಯುತ್ತದೆ. ನಿಮ್ಮ ತಾಯಿಯ ವಿಚಾರದಲ್ಲಿ ಹದಿನಾಲ್ಕು ವರ್ಷ ಕಳೆದಿದೆ ಎಂಬುದು ಸಮಾಧಾನದ ಸಂಗತಿಯೇ, ಆದರೆ ಪರೀಕ್ಷೆ ಬೇಡ ಎನ್ನಲು ಅದು ಕಾರಣವಾಗದು.

ಪೈಲ್ಸ್ ಎಂಬ ಸುಲಭದ ಉತ್ತರ

ಗುದದ ಕ್ಯಾನ್ಸರ್ ತೋರಿಸುವ ಲಕ್ಷಣಗಳು ಇವು: ರಕ್ತ ಹೋಗುವುದು, ನೋವು, ವಾಸಿಯಾಗದ ತುರಿಕೆ, ಕೈಗೆ ಸಿಗುವ ಗಂಟು, ಏನೋ ಅಡ್ಡ ಇದ್ದಂತೆ ಅನಿಸುವುದು, ಲೋಳೆ ಅಥವಾ ಕೀವು ಜಿನುಗುವುದು, ಮಲ ತೆಳ್ಳಗೆ ಬರುವುದು, ತೊಡೆಸಂದಿಯಲ್ಲಿ ಗಂಟು. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಪೈಲ್ಸ್, ಫಿಶರ್, ಫಿಸ್ಟುಲಾ ಇವುಗಳಲ್ಲೂ ಕಾಣಿಸಿಕೊಳ್ಳುತ್ತವೆ. ಪೈಲ್ಸ್ ಸಾವಿರಾರು ಜನರಿಗೆ ಇರುತ್ತದೆ, ಕ್ಯಾನ್ಸರ್ ಎಲ್ಲೋ ಒಬ್ಬರಿಗೆ. ಹೀಗಾಗಿ ನೋಡದೆಯೇ ‘ಪೈಲ್ಸ್’ ಎಂದು ಹೇಳಿಬಿಡುವುದು ಸುಲಭ, ಹೆಚ್ಚಿನ ಸಲ ಅದು ಸರಿಯೂ ಆಗಿರುತ್ತದೆ. ತಪ್ಪಾದ ಒಂದು ಸಲಕ್ಕೆ ಬೆಲೆ ತೆರುವವರು ರೋಗಿ.

ಹೆಂಗಸರು ಈ ತೊಂದರೆಯನ್ನು ಹೇಳಿಕೊಳ್ಳುವ ಬಗೆಯೂ ತಡಕ್ಕೆ ಕಾರಣ. ‘ಕೂತರೆ ಉರಿ’, ‘ಹಿಂದುಗಡೆ ಸ್ವಲ್ಪ ತೊಂದರೆ’, ‘ಉಷ್ಣ ಆಗಿದೆ’ ಎನ್ನುತ್ತಾರೆ. ಖಾರ ತಿಂದದ್ದಕ್ಕೆ, ಬಿಸಿಲಿಗೆ ಹೋದದ್ದಕ್ಕೆ ಹೀಗಾಯಿತು ಎಂದುಕೊಂಡು ಮೆಂತ್ಯ ನೆನೆಸಿ ಕುಡಿಯುತ್ತಾರೆ, ಮಜ್ಜಿಗೆ, ಬಾರ್ಲಿ ನೀರು ಕುಡಿಯುತ್ತಾರೆ. ಮಗಳಿಗೆ ಹೇಳಲು ತಿಂಗಳು ಬೇಕು, ಮಗನಿಗಂತೂ ಹೇಳುವುದೇ ಇಲ್ಲ. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಶಾಶ್ವತ ಪರಿಹಾರ’ ಎಂಬ ಪೋಸ್ಟರ್‌ಗಳಿವೆ. ಅಂಥ ಕಡೆ ಪರೀಕ್ಷೆಯಿಲ್ಲದೆ ಸುಡುವ ಔಷಧಿ ಹಚ್ಚಿಸಿಕೊಂಡರೆ, ಇಂಜೆಕ್ಷನ್ ಚುಚ್ಚಿಸಿಕೊಂಡರೆ ಆ ಜಾಗ ಹುಣ್ಣಾಗಿ, ಮೂಲ ಕಾಯಿಲೆ ಯಾವುದೆಂದು ಗುರುತಿಸುವುದೇ ಕಷ್ಟವಾಗುತ್ತದೆ. ನಿಮ್ಮ ತಾಯಿಯನ್ನು ಅಲ್ಲಿಗೆ ಮಾತ್ರ ಕರೆದುಕೊಂಡು ಹೋಗಬೇಡಿ.

ರೇಡಿಯೇಷನ್ ಆದವರಿಗೆ ಇನ್ನೊಂದು ವಿಷಯವಿದೆ. ಗರ್ಭಕಂಠಕ್ಕೆ ಕೊಟ್ಟ ವಿಕಿರಣ ಅದರ ಹಿಂದೆಯೇ ಇರುವ ಗುದಾಶಯದ ಗೋಡೆಗೂ ತಾಗುತ್ತದೆ. ಅಲ್ಲಿ ಸೂಕ್ಷ್ಮವಾದ, ಬೇಗ ಒಡೆಯುವ ರಕ್ತನಾಳಗಳು ಹುಟ್ಟಿ, ತಿಂಗಳುಗಳ ಮೇಲೆ ಅಥವಾ ವರ್ಷಗಳ ಮೇಲೆ ರಕ್ತ ಜಿನುಗಬಹುದು. ವೈದ್ಯರು ಇದನ್ನು ರೇಡಿಯೇಷನ್ ಪ್ರಾಕ್ಟೈಟಿಸ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಇದಕ್ಕೆ ಬೇರೆಯದೇ ಚಿಕಿತ್ಸೆ ಇದೆ. 61ರ ವಯಸ್ಸಿನಲ್ಲಿ ಗುದದ ಮೇಲಿನ ದೊಡ್ಡ ಕರುಳಿನ ಕ್ಯಾನ್ಸರ್ ಇದೆಯೇ ಎಂಬುದನ್ನೂ ನೋಡಬೇಕಾಗುತ್ತದೆ. ಅದು ಎಚ್‌ಪಿವಿಗೆ ಸಂಬಂಧಿಸದ ಬೇರೆ ಕಾಯಿಲೆ. ಪೈಲ್ಸ್, ಪ್ರಾಕ್ಟೈಟಿಸ್, ಕರುಳಿನ ಕ್ಯಾನ್ಸರ್, ಗುದದ ಕ್ಯಾನ್ಸರ್ ಈ ನಾಲ್ಕರಲ್ಲಿ ಯಾವುದು ಎಂಬುದು ಲಕ್ಷಣ ಕೇಳಿ ಗೊತ್ತಾಗುವಂಥದ್ದಲ್ಲ, ನೋಡಿಯೇ ತಿಳಿಯಬೇಕು.

ಇಲ್ಲೊಂದು ಎಚ್ಚರಿಕೆ. ವಿಕಿರಣ ತಾಗಿದ ಗುದಾಶಯದ ಗೋಡೆಯಲ್ಲಿ ಗಾಯ ಬೇಗ ಮಾಯುವುದಿಲ್ಲ. ಅಲ್ಲಿ ಅನಗತ್ಯವಾಗಿ ಬಯಾಪ್ಸಿ ತೆಗೆದರೆ, ಪೈಲ್ಸ್‌ಗೆಂದು ಬ್ಯಾಂಡ್ ಹಾಕಿದರೆ ಹುಣ್ಣಾಗಬಹುದು, ಯೋನಿಗೂ ಗುದಾಶಯಕ್ಕೂ ನಡುವೆ ತೂತೇ ಬೀಳಬಹುದು. ಹಾಗಾಗಿ ಯಾವುದೇ ಕೈಚಿಕಿತ್ಸೆಗೆ ಮೊದಲು ‘ರೇಡಿಯೇಷನ್ ಆಗಿದೆ’ ಎಂದು ಹೇಳುವುದು ಕಡ್ಡಾಯ.

ಎರಡು ನಿಮಿಷದ ಪರೀಕ್ಷೆ

ಮೊದಲ ಪರೀಕ್ಷೆಗೆ ಯಂತ್ರ ಬೇಡ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಮಂಡಿಗಳನ್ನು ಎದೆಯ ಕಡೆಗೆ ಮಡಚಿಸುತ್ತಾರೆ. ಮೇಲೆ ಬಟ್ಟೆ ಹೊದಿಸಿರುತ್ತಾರೆ, ಜೊತೆಗೆ ನರ್ಸ್ ಇರುತ್ತಾರೆ. ವೈದ್ಯರು ಮೊದಲು ಗುದದ್ವಾರದ ಸುತ್ತಲಿನ ಚರ್ಮವನ್ನು ಬೆಳಕಿನಲ್ಲಿ ನೋಡುತ್ತಾರೆ: ಬಿಳಿಚಿದ ಅಥವಾ ಕಪ್ಪಾದ ಮಚ್ಚೆ, ಗಂಟು, ಹುಣ್ಣು, ನರೂಲಿ ಇದೆಯೇ ಎಂದು. ಆಮೇಲೆ ಗ್ಲೌಸ್ ಹಾಕಿದ ತೋರುಬೆರಳಿಗೆ ಜೆಲ್ಲಿ ಹಚ್ಚಿ, ದ್ವಾರದ ಮೇಲೆ ಬೆರಳಿಟ್ಟು ಸ್ನಾಯು ಸಡಿಲವಾಗುವ ತನಕ ಕಾಯುತ್ತಾರೆ. ಸಡಿಲವಾದ ಮೇಲೆ ನಿಧಾನವಾಗಿ ಒಳಗೆ ಹಾಕಿ, ಗುದನಾಳದ ಗೋಡೆಯನ್ನು ಒಂದು ಸುತ್ತು ಪೂರ್ತಿ ಸವರಿ ನೋಡುತ್ತಾರೆ. ಪೈಲ್ಸ್ ಸಾಮಾನ್ಯವಾಗಿ ಮೆತ್ತಗಿರುತ್ತದೆ, ಒತ್ತಿದರೆ ಕುಗ್ಗುತ್ತದೆ. ಕ್ಯಾನ್ಸರ್ ಗಡ್ಡೆ ಗಡುಸಾಗಿ, ಒರಟಾಗಿ, ಜಾಗ ಬಿಟ್ಟು ಅಲುಗದಂತೆ ಸಿಗುತ್ತದೆ. ಅನುಭವಿ ಬೆರಳಿಗೆ ಈ ವ್ಯತ್ಯಾಸ ತಿಳಿಯುತ್ತದೆ. ಕೊನೆಗೆ ತೊಡೆಸಂದಿ ಮುಟ್ಟಿ ನೋಡುತ್ತಾರೆ. ಒಟ್ಟು ಒಂದೆರಡು ನಿಮಿಷ. ಸ್ವಲ್ಪ ಮುಜುಗರ, ಒತ್ತಿದಂಥ ಭಾವ ಇರುತ್ತದೆ, ಹೆಚ್ಚಿನವರಿಗೆ ನೋವಾಗುವುದಿಲ್ಲ. ವಿಕಿರಣದಿಂದ ಆ ಭಾಗ ಬಿಗಿದಿದ್ದರೆ ಮೊದಲೇ ಹೇಳಿದರೆ ಇನ್ನೂ ನಿಧಾನವಾಗಿ ಮಾಡುತ್ತಾರೆ. ‘ನಿಲ್ಲಿಸಿ’ ಎಂದರೆ ನಿಲ್ಲಿಸಬೇಕು. ವೈದ್ಯೆಯೇ ಬೇಕು ಎಂದು ಕೇಳುವುದು ತಾಯಿಯವರ ಹಕ್ಕು.

ಇಷ್ಟು ಸರಳ ಪರೀಕ್ಷೆಯಿಂದ ಏನಾದೀತು ಎಂದು ಅನುಮಾನ ಬೇಡ. ‘ಡೆಸ್ಪರೇಟ್ ಹೌಸ್‌ವೈವ್ಸ್’ ಧಾರಾವಾಹಿಯ ಅಮೆರಿಕನ್ ನಟಿ ಮಾರ್ಸಿಯಾ ಕ್ರಾಸ್ ಅವರ ಗುದದ ಕ್ಯಾನ್ಸರ್ ಗೊತ್ತಾದದ್ದು ಹೀಗೆಯೇ. ಯಾವ ಲಕ್ಷಣವೂ ಇಲ್ಲದೆ ವಾಡಿಕೆಯ ತಪಾಸಣೆಗೆ ಹೋದಾಗ ಸ್ತ್ರೀರೋಗ ತಜ್ಞೆ ಬೆರಳಿನಿಂದ ಪರೀಕ್ಷಿಸಿ ಕಂಡುಹಿಡಿದರು. ಚಿಕಿತ್ಸೆ ಪಡೆದು ಗುಣಮುಖರಾದ ಮೇಲೆ 2019ರಲ್ಲಿ ಅವರು ಇದನ್ನು ಬಹಿರಂಗವಾಗಿ ಹೇಳಿದರು. ಬೇರೆಯವರು ನಾಚಿಕೆಯಿಂದ ಸುಮ್ಮನಿರಬಾರದು ಎಂಬುದೇ ಅವರ ಉದ್ದೇಶವಾಗಿತ್ತು.

ಬೆರಳಿಗೆ ಏನಾದರೂ ಸಿಕ್ಕರೆ, ಅಥವಾ ಸಿಗದಿದ್ದರೂ ರಕ್ತದ ಕಾರಣ ತಿಳಿಯದಿದ್ದರೆ, ಪ್ರಾಕ್ಟೋಸ್ಕೋಪ್ ಎಂಬ ಚಿಕ್ಕ ನಳಿಕೆ ಹಾಕಿ ನೋಡುತ್ತಾರೆ. ಅಗತ್ಯವಿದ್ದರೆ ಸಿಗ್ಮಾಯ್ಡೋಸ್ಕೋಪಿ ಅಥವಾ ಕೊಲೊನೋಸ್ಕೋಪಿ ಮಾಡುತ್ತಾರೆ. ಇದಕ್ಕೂ ಸೂಕ್ಷ್ಮವಾದದ್ದು ಹೈ ರೆಸಲ್ಯೂಷನ್ ಅನೋಸ್ಕೋಪಿ. ಗರ್ಭಕಂಠಕ್ಕೆ ಮಾಡುವ ಕಾಲ್ಪೋಸ್ಕೋಪಿಯ ಕ್ರಮವೇ ಇಲ್ಲೂ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಗುದನಾಳಕ್ಕೆ ಸವರಿ ಕೆಲವು ನಿಮಿಷ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಕೆಟ್ಟ ಕೋಶಗಳಿರುವ ಜಾಗ ಬೆಳ್ಳಗಾಗಿ ಕಾಣುತ್ತದೆ. ಅಲ್ಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದರಲ್ಲಿ ತರಬೇತಿ ಪಡೆದವರು ನಮ್ಮ ದೇಶದಲ್ಲಿ ಕಡಿಮೆ.

ಲಕ್ಷಣ ಇಲ್ಲದವರೂ ಪರೀಕ್ಷೆ ಮಾಡಿಸಬೇಕೇ?

ಈ ಪ್ರಶ್ನೆ ನಿಮ್ಮ ತಾಯಿಯಂತೆ ಗುಣವಾದ ಸಾವಿರಾರು ಹೆಂಗಸರದ್ದು. ಅಂತರರಾಷ್ಟ್ರೀಯ ಅನಲ್ ನಿಯೋಪ್ಲೇಸಿಯಾ ಸೊಸೈಟಿ 2024ರಲ್ಲಿ ಪ್ರಕಟಿಸಿದ ಸಲಹೆಗಳು ಹೀಗಿವೆ. ಯೋನಿಯ ಹೊರಭಾಗದ ಕ್ಯಾನ್ಸರ್ ಅಥವಾ ಅದರ ಹಿಂದಿನ ಹಂತದ ತೀವ್ರ ಬದಲಾವಣೆ ಆದವರು, ಅದು ಪತ್ತೆಯಾದ ಒಂದು ವರ್ಷದೊಳಗೆ ಗುದದ ತಪಾಸಣೆ ಆರಂಭಿಸಬೇಕು. ಗರ್ಭಕಂಠ ಅಥವಾ ಯೋನಿಯ ಕ್ಯಾನ್ಸರ್ ಆದವರು 45 ವರ್ಷದ ನಂತರ ವೈದ್ಯರ ಜೊತೆ ಕೂತು, ಮಾಡಿಸಬೇಕೇ ಬೇಡವೇ ಎಂದು ಚರ್ಚಿಸಿ ತೀರ್ಮಾನಿಸಬೇಕು. ಎಚ್‌ಐವಿ ಇರುವ ಹೆಂಗಸರು 45ರಿಂದ ಮಾಡಿಸಬೇಕು. ಸೂಕ್ಷ್ಮ ಅನೋಸ್ಕೋಪಿ ಸೌಲಭ್ಯ ಇಲ್ಲದ ಕಡೆ ಬೆರಳಿನ ಪರೀಕ್ಷೆಯನ್ನಾದರೂ ಮಾಡಬೇಕು ಎಂದು ಅದೇ ಸಲಹೆ ಹೇಳುತ್ತದೆ. ನಮ್ಮ ಜಿಲ್ಲೆ, ತಾಲ್ಲೂಕುಗಳಿಗೆ ಹೊಂದುವ ಮಾತು ಇದು.

ತಪಾಸಣೆಯಿಂದ ಪ್ರಯೋಜನ ಉಂಟೇ? ಅಮೆರಿಕದಲ್ಲಿ ಎಚ್‌ಐವಿ ಇರುವ 4,400ಕ್ಕೂ ಹೆಚ್ಚು ಜನರನ್ನು ಸೇರಿಸಿ ನಡೆಸಿದ ಆ್ಯಂಕರ್ ಎಂಬ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂತು. ಗುದದಲ್ಲಿ ಕ್ಯಾನ್ಸರ್‌ಪೂರ್ವ ತೀವ್ರ ಬದಲಾವಣೆ ಇದ್ದವರಿಗೆ ಚಿಕಿತ್ಸೆ ಕೊಟ್ಟಾಗ, ಸುಮ್ಮನೆ ಗಮನಿಸುತ್ತಾ ಹೋದವರಿಗಿಂತ ಕ್ಯಾನ್ಸರ್ ಶೇ 57ರಷ್ಟು ಕಡಿಮೆಯಾಯಿತು. ಎಚ್‌ಐವಿ ಇಲ್ಲದ, ಗರ್ಭಕಂಠದ ಕ್ಯಾನ್ಸರ್ ಆದ ಹೆಂಗಸರ ಮೇಲೆ ಅಷ್ಟು ದೊಡ್ಡ ಪ್ರಯೋಗ ನಡೆದಿಲ್ಲ. ಅವರಿಗೆ ಕೊಡುವ ಸಲಹೆ ಈ ತಿಳಿವನ್ನು ಆಧರಿಸಿದ್ದು. ನನ್ನ ಸಲಹೆ ಸರಳ: ಗುಣವಾದವರು ಸ್ತ್ರೀರೋಗ ತಜ್ಞರ ಬಳಿ ವರ್ಷಕ್ಕೊಮ್ಮೆ ಹೋದಾಗ, ‘ಹಿಂದುಗಡೆಯೂ ಒಮ್ಮೆ ನೋಡಿಬಿಡಿ’ ಎಂದು ತಾವೇ ಕೇಳಬೇಕು.

ಒಂದು ವೇಳೆ ಕ್ಯಾನ್ಸರ್ ಎಂದೇ ಬಂದರೆ?

ಆಗಲೂ ದಾರಿ ಇದೆ. ಐವತ್ತು ವರ್ಷದ ಹಿಂದೆ ಗುದದ ಕ್ಯಾನ್ಸರ್ ಎಂದರೆ ಗುದವನ್ನೇ ತೆಗೆದು, ಹೊಟ್ಟೆಯ ಮೇಲೆ ಶಾಶ್ವತವಾಗಿ ಮಲದ ಚೀಲ ಕೂರಿಸುವ ಆಪರೇಷನ್ ಎಂದೇ ಅರ್ಥ. ಅಮೆರಿಕದ ಡೆಟ್ರಾಯಿಟ್‌ನ ಶಸ್ತ್ರವೈದ್ಯ ನಾರ್ಮನ್ ನೈಗ್ರೊ ಆಪರೇಷನ್‌ಗೆ ಮೊದಲು ಗಡ್ಡೆ ಕುಗ್ಗಲಿ ಎಂದು ಮೂವರಿಗೆ ಕೀಮೊ ಮತ್ತು ವಿಕಿರಣ ಕೊಟ್ಟರು. ಇಬ್ಬರಿಗೆ ಆಪರೇಷನ್ ಮಾಡಿ ತೆಗೆದ ಭಾಗವನ್ನು ಪರೀಕ್ಷಿಸಿದರೆ ಕ್ಯಾನ್ಸರೇ ಉಳಿದಿರಲಿಲ್ಲ. ಮೂರನೆಯವರು ಆಪರೇಷನ್ ಒಲ್ಲೆ ಎಂದರು, ಅವರೂ ಚೆನ್ನಾಗಿಯೇ ಉಳಿದರು. 1974ರಲ್ಲಿ ಬಂದ ಆ ವರದಿಯಿಂದ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಈಗ ಹೆಚ್ಚಿನವರು ಕೀಮೊ ಮತ್ತು ವಿಕಿರಣದಿಂದಲೇ ವಾಸಿಯಾಗುತ್ತಾರೆ, ಗುದ ಉಳಿಯುತ್ತದೆ. ಅಮೆರಿಕದ ಅಂಕಿಗಳ ಪ್ರಕಾರ ಕಾಯಿಲೆ ಅದೇ ಜಾಗದಲ್ಲಿದ್ದಾಗ ಸಿಕ್ಕಿದರೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲಾದರೆ ಹತ್ತರಲ್ಲಿ ನಾಲ್ವರೂ ದಾಟುವುದಿಲ್ಲ.

ಗರ್ಭಕಂಠಕ್ಕೆ ಈಗಾಗಲೇ ವಿಕಿರಣ ಪಡೆದವರ ವಿಚಾರದಲ್ಲಿ ತೊಡಕು ಹೆಚ್ಚು. ಒಂದು ಭಾಗದ ಆರೋಗ್ಯವಂತ ಅಂಗಾಂಶ ತಾಳಿಕೊಳ್ಳುವ ವಿಕಿರಣಕ್ಕೆ ಮಿತಿ ಇದೆ, ಎರಡನೇ ಸಲ ಪೂರ್ತಿ ಪ್ರಮಾಣ ಕೊಡುವುದು ಕಷ್ಟ. ಗಡ್ಡೆ ಚಿಕ್ಕದಿದ್ದರೆ ಅದನ್ನಷ್ಟೇ ಕತ್ತರಿಸಿ ತೆಗೆಯಬಹುದು; ದೊಡ್ಡದಾದರೆ ದೊಡ್ಡ ಆಪರೇಷನ್ ಬೇಕಾಗಬಹುದು. ನಿಮ್ಮ ತಾಯಿಯಂಥವರಲ್ಲಿ ಬೇಗ ಪತ್ತೆಯಾಗುವುದಕ್ಕೆ ಉಳಿದವರಿಗಿಂತ ಹೆಚ್ಚು ಬೆಲೆ ಇರುವುದು ಇದೇ ಕಾರಣಕ್ಕೆ.

ನಿಮಗೂ, ಮನೆಯ ಮಕ್ಕಳಿಗೂ

ತಾಯಿಗೆ ಬಂದ ಈ ಕಾಯಿಲೆ ರಕ್ತದಲ್ಲಿ ನಿಮಗೆ ಇಳಿದು ಬರುವಂಥದ್ದಲ್ಲ. ಆದರೂ ನೀವು ಮಗಳಾಗಿದ್ದು, 30 ದಾಟಿದ್ದರೆ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಐದರಿಂದ ಹತ್ತು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಲ್ಲಿ 9ರಿಂದ 14 ವರ್ಷದ ಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಹಾಕಿಸಿ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಸರ್ವವ್ಯಾಕ್‌ಗೆ 2022ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿತು. ಅದು ತಡೆಯುವ ನಾಲ್ಕು ಬಗೆಗಳಲ್ಲಿ 16 ಮತ್ತು 18 ಸೇರಿವೆ, ಅಂದರೆ ಗರ್ಭಕಂಠಕ್ಕೂ ಗುದಕ್ಕೂ ಒಟ್ಟಿಗೇ ರಕ್ಷಣೆ. ಲಸಿಕೆ ಈಗಾಗಲೇ ಇರುವ ಸೋಂಕನ್ನು ತೆಗೆಯುವುದಿಲ್ಲ. ತಾಯಿಯವರಿಗೆ ಅದು ಚಿಕಿತ್ಸೆಯಾಗದು. ಬೀಡಿ, ಸಿಗರೇಟು ವೈರಸ್‌ಗೆ ಉಳಿಯಲು ನೆರವಾಗುತ್ತವೆ, ಯಾರಿಗಿದ್ದರೂ ಬಿಡಿಸಿ. ಲೂಪಸ್‌ಗೋ, ಅಂಗಕಸಿಯ ನಂತರವೋ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು ಇನ್ನಷ್ಟು ಎಚ್ಚರದಿಂದಿರಬೇಕು.

ಈಗ ಮಾಡಬೇಕಾದ್ದು

ಹಳೆಯ ಫೈಲ್ ತೆಗೆದುಕೊಳ್ಳಿ. ತಾಯಿಗೆ ಚಿಕಿತ್ಸೆ ಕೊಟ್ಟ ಕ್ಯಾನ್ಸರ್ ಆಸ್ಪತ್ರೆಗೇ ಹೋಗುವುದು ಒಳ್ಳೆಯದು. ವಿಕಿರಣದ ಲೆಕ್ಕ ಅಲ್ಲಿರುತ್ತದೆ. ದೂರವಾದರೆ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಸರ್ಜರಿ ವಿಭಾಗಕ್ಕೆ ಹೋಗಿ. ಅಲ್ಲಿಂದ ಮುಂದಕ್ಕೆ ಕಳಿಸಿದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಇವೆ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗಿಟ್ಟುಕೊಳ್ಳಿ. ವೈದ್ಯರಿಗೆ ಹೀಗೆ ಹೇಳಿ: ‘ಅಮ್ಮನಿಗೆ ಇಂಥ ವರ್ಷ ಗರ್ಭಕಂಠದ ಕ್ಯಾನ್ಸರ್ ಆಗಿತ್ತು, ರೇಡಿಯೇಷನ್ ಆಗಿದೆ. ಎರಡು ತಿಂಗಳಿಂದ ಗುದದಿಂದ ರಕ್ತ ಹೋಗುತ್ತಿದೆ. ಬೆರಳಿನಿಂದ ಪರೀಕ್ಷೆ ಮಾಡಿ, ಒಳಗೆ ನೋಡಿ ಕಾರಣ ಹೇಳಿ.’ ನೋಡದೆಯೇ ಔಷಧಿ ಬರೆದರೆ ವಿನಯದಿಂದ, ಆದರೆ ಗಟ್ಟಿಯಾಗಿ, ಇನ್ನೊಮ್ಮೆ ಕೇಳಿ. ಆಗಲೂ ನೋಡದಿದ್ದರೆ ಬೇರೆ ವೈದ್ಯರ ಬಳಿ ಹೋಗಿ.

ಅಮ್ಮನಿಗೆ ಹೇಳಲೂ ಭಯ, ಹೇಳದೆ ಇರಲೂ ಭಯ ಎಂದಿದ್ದೀರಿ. ಇದ್ದದ್ದನ್ನೇ ಹೇಳಿ: ಇದು ಪೈಲ್ಸ್ ಇರಬಹುದು, ರೇಡಿಯೇಷನ್‌ನ ಪರಿಣಾಮ ಇರಬಹುದು, ಹಳೆಯ ಕಾಯಿಲೆ ಇದ್ದದ್ದರಿಂದ ಒಮ್ಮೆ ನೋಡಿಸಿಬಿಡೋಣ. ಅಷ್ಟು ದೊಡ್ಡ ಚಿಕಿತ್ಸೆಯನ್ನು ಧೈರ್ಯವಾಗಿ ದಾಟಿದ ಹೆಣ್ಣುಮಗಳು ಅವರು. ಅವರಿಂದ ಮುಚ್ಚಿಡುವ ಅಗತ್ಯವಿಲ್ಲ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಪರೀಕ್ಷೆ ಮುಗಿಯುವ ತನಕ ಪಕ್ಕದಲ್ಲಿರಿ.